ಕ್ರೂಗರ್ ಪಾರ್ಕಿನಲ್ಲಿ ನಾವೇ ಕಾರು ಓಡಿಸಿಕೊಂಡು ಪ್ರಾಣಿ ನೋಡಬಹುದಾ?

ದಕ್ಷಿಣ ಆಫ್ರಿಕಾದ ಕ್ರೂಗರ್‌ಗೆ ನಾಲ್ಕು ದಿನ ಹೋಗುತ್ತಿದ್ದೇವೆ, ಗೈಡ್ ಇಲ್ಲದೆ ಪಾರ್ಕ್ ಪೂರ್ತಿ ಸುತ್ತಬಹುದಾ ಅಂತ ಕೇಳಿದ್ದೀರಿ. ಗೈಡ್ ಬೇಕಿಲ್ಲ. ಪೂರ್ತಿ ಸುತ್ತುವ ಆಸೆ ಮಾತ್ರ ಬಿಡಿ.

ನಾವು ಹೋಗಿದ್ದು ಜುಲೈನಲ್ಲಿ. ಅಲ್ಲಿ ಅದು ಚಳಿಗಾಲ, ಮಳೆ ಇಲ್ಲ. ಹುಲ್ಲು ಒಣಗಿರುತ್ತೆ, ಪ್ರಾಣಿಗಳು ನೀರು ಹುಡುಕಿಕೊಂಡು ಬರುತ್ತವೆ. ಮ್ಯಾಪಿನಲ್ಲಿ ಸ್ಕುಕುಜಾ ಕ್ಯಾಂಪಿನಿಂದ (ಪಾರ್ಕಿನೊಳಗೆ ರಾತ್ರಿ ಉಳಿಯುವ ಜಾಗ) ಸತಾರಾ ಕ್ಯಾಂಪಿಗೆ 90 ಚಿಲ್ಲರೆ ಕಿ.ಮೀ. ಅಂತ ನೋಡಿ, ಬೆಂಗಳೂರಿಂದ ಮಂಡ್ಯಕ್ಕೆ ಹೋದ ಹಾಗೆ ಅಲ್ವಾ ಅಂದುಕೊಂಡೆ. ಡಾಂಬರು ರಸ್ತೆಯಲ್ಲೇ 50ರ ಮೇಲೆ ಹೋಗುವಂತಿಲ್ಲ, ಮಣ್ಣು ರಸ್ತೆಯಲ್ಲಿ 40. ಜೊತೆಗೆ ಜಿರಾಫೆ ಕಂಡಾಗಲೆಲ್ಲ ಮಗಳು ನಿಲ್ಲಿಸು ಅನ್ನುತ್ತಿದ್ದಳು. ಸಂಜೆ ಆನೆ ಹಿಂಡೊಂದು ರಸ್ತೆಗೆ ಅಡ್ಡ ನಿಂತಿತು. ಮರಿಗಳಿದ್ದವು, ಹಾಗಾಗಿ ದೂರದಲ್ಲೇ ಕಾದೆವು. ಕತ್ತಲಾಗುವ ಮೊದಲೇ ಕ್ಯಾಂಪಿನ ಗೇಟು ಮುಚ್ಚುತ್ತಾರೆ. ಐದು ನಿಮಿಷ ಇರುವಾಗ ಒಳಗೆ ಸೇರಿಕೊಂಡೆವು. ಹೆಂಡತಿ ಆ ರಾತ್ರಿ ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ.

ಆಮೇಲೆ ಬುದ್ಧಿ ಬಂತು. ದಕ್ಷಿಣಕ್ಕೆ ವಾಪಸ್ ಬಂದು ಲೋವರ್ ಸಾಬೀ ಕ್ಯಾಂಪಿನಲ್ಲಿ ಎರಡು ರಾತ್ರಿ ಉಳಿದೆವು. ಹತ್ತಿರದಲ್ಲೇ ಸನ್‌ಸೆಟ್ ಡ್ಯಾಮ್ ಅನ್ನೋ ಕೆರೆ ಇದೆ. ಬೆಳಿಗ್ಗೆ ಗೇಟು ತೆಗೆದ ಕೂಡಲೇ ಹೋಗಿ, ಇಂಜಿನ್ ಆಫ್ ಮಾಡಿ ಸುಮ್ನೆ ಕೂತೆವು. ಮೊದಲು ಬಂಡೆ ಅಂದುಕೊಂಡಿದ್ದು ನೀರಾನೆಗಳ ಬೆನ್ನು. ದಡದಲ್ಲಿ ಮೊಸಳೆ ಬಿದ್ದುಕೊಂಡಿತ್ತು. ಇಂಪಾಲ ಜಿಂಕೆಗಳು ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಇಡುತ್ತಾ ನೀರಿಗೆ ಬಾಯಿ ಹಾಕಲು ಕಾಲು ಗಂಟೆ ತೆಗೆದುಕೊಂಡವು. ಎರಡೂವರೆ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ನಾಗರಹೊಳೆಯಲ್ಲಿ ಜೀಪಿನವರು ಹೊರಡಿಸಿಬಿಡುತ್ತಾರೆ. ಇಲ್ಲಿ ಸ್ಟೀರಿಂಗ್ ನಿಮ್ಮ ಕೈಯಲ್ಲೇ ಇರುತ್ತೆ, ಅದೇ ದೊಡ್ಡ ಲಾಭ.

ಸಿಂಹ ನಾವಾಗಿ ಹುಡುಕಿದಾಗ ಒಂದೂ ಸಿಗಲಿಲ್ಲ. ಕೊನೆಯ ದಿನ ನಾಲ್ಕೈದು ಕಾರು ನಿಂತಿದ್ದ ಕಡೆ ನಾವೂ ನಿಂತೆವು. ಪೊದೆಯ ನೆರಳಲ್ಲಿ ಎರಡು ಹೆಣ್ಣು ಸಿಂಹ ಮಲಗಿದ್ದವು. ಬಾಲ ಬಿಟ್ಟರೆ ಬೇರೇನೂ ಅಲ್ಲಾಡಲಿಲ್ಲ.

ಅಲ್ಲೂ ಎಡಗಡೆಯೇ ಓಡಿಸುವುದು, ಆ ಚಿಂತೆ ಬೇಡ. ಬೋರ್ಡ್ ಹಾಕಿರುವ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯಬೇಡಿ. ಮಲೇರಿಯಾ ಇರುವ ಪ್ರದೇಶ, ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. ಬೆಳಿಗ್ಗೆ ಚಳಿ ಜೋರು, ಸ್ವೆಟರ್ ಇರಲಿ. ಇನ್ನು ಕ್ಯಾಂಪಿನಲ್ಲಿ ಕೋತಿಗಳ ಕಾಟ ನಮ್ಮೂರಿನ ಹಾಗೆಯೇ. ಜಗುಲಿಯಲ್ಲಿಟ್ಟ ಬ್ರೆಡ್ ಪ್ಯಾಕೆಟ್ಟು ನಾನು ಕಾಫಿ ತರುವಷ್ಟರಲ್ಲಿ ಮರ ಹತ್ತಿತ್ತು.