ಚರ್ಚ್ ತಂಡದ ಜೊತೆ ಕಾಂಬೋಡಿಯಾದ ಅನಾಥಾಶ್ರಮಕ್ಕೆ ಸೇವೆಗೆ ಹೋಗುತ್ತಿದ್ದೇವೆ. ಮಕ್ಕಳಿಗೆ ಏನೇನು ತೆಗೆದುಕೊಂಡು ಹೋದರೆ ಒಳ್ಳೆಯದು? ಎರಡು ವಾರ ಇರುವುದು ಒಳ್ಳೆಯದಾ, ಒಂದು ತಿಂಗಳಾ?

ಬಣ್ಣದ ಪೆನ್ಸಿಲ್, ಫುಟ್‌ಬಾಲ್, ಆ್ಯಕ್ಷನ್ ಸಾಂಗ್, ಗೋಡೆಗೆ ಪೇಂಟ್. ನಾವು ಮೆಲ್ಬರ್ನ್‌ನಿಂದ ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೊರಟಾಗಲೂ ಇದೇ ಪಟ್ಟಿ ಇತ್ತು. ಅದಕ್ಕೇ ಏನು ತೆಗೆದುಕೊಂಡು ಹೋಗಬೇಕು ಅಂತ ನಾನು ಹೇಳಲ್ಲ. ಹೋಗಲೇಬೇಡಿ ಅಂತೀನಿ.

ನಾನು ಮಂಗಳೂರಿನವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು. ಮೆಲ್ಬರ್ನ್‌ನಲ್ಲಿ ನಾವು ಹೋಗುವ ಚರ್ಚ್‌ನಲ್ಲಿ ಪಾಸ್ಟರ್ ಈ ಸೇವೆಯ ವಿಷಯ ಹೇಳಿದಾಗ ಎರಡು ಸಲ ಯೋಚಿಸದೆ ಹೆಸರು ಕೊಟ್ಟೆ. ತಂಡದಲ್ಲಿ ಟೀಚರ್‌ಗಳೇ ಜಾಸ್ತಿ. ಹಾಗಾಗಿ ಸೆಪ್ಟೆಂಬರ್ ಕೊನೆಯ ಶಾಲಾ ರಜೆ ನೋಡಿ ಟಿಕೆಟ್ ಮಾಡಿದೆವು. ಆ ದಿನಗಳು ಅಲ್ಲಿಯವರಿಗೆ ಏನು ಅಂತ ಯಾರೂ ವಿಚಾರಿಸಲಿಲ್ಲ.

ಅದು ಪ್ಚುಮ್ ಬೆನ್ ಹಬ್ಬ. ನಮ್ಮಲ್ಲಿ ಪಿತೃಪಕ್ಷ ಬರುತ್ತಲ್ಲ, ಹೆಚ್ಚುಕಡಿಮೆ ಅದೇ ಹದಿನೈದು ದಿನ. ಅಲ್ಲಿನ ಜನ ತಮ್ಮ ತಮ್ಮ ಹಳ್ಳಿಗೆ ಹೋಗಿ, ಬೌದ್ಧ ದೇಗುಲದಲ್ಲಿ ತೀರಿಕೊಂಡ ಹಿರಿಯರ ಹೆಸರಲ್ಲಿ ಅನ್ನ ಇಡುತ್ತಾರೆ. ಇಡೀ ದೇಶ ಊರಿನ ಕಡೆ ಮುಖ ಮಾಡುವ ಕಾಲ.

ನಾವು ಹೋಗಿ ಇಳಿದಾಗ ಆಶ್ರಮದ ಅಂಗಳ ಅರ್ಧ ಖಾಲಿ. "ಸಂಜೆ ಅಷ್ಟೊತ್ತಿಗೆ ಬರ್ತಾರೆ" ಅಂದರು ನೋಡಿಕೊಳ್ಳುವವರು. ಸಂಜೆ ಒಂದರ ಹಿಂದೆ ಒಂದು ಬೈಕ್ ಬರತೊಡಗಿತು. ಒಬ್ಬ ಹುಡುಗ ಒಬ್ಬಾಕೆಯ ಹಿಂದಿನಿಂದ ಇಳಿದ. ಆಕೆ ಅವನ ಕಾಲರ್ ಸರಿ ಮಾಡಿ, ಬಾಳೆಲೆಯಲ್ಲಿ ಸುತ್ತಿದ ಹಬ್ಬದ ಕಡುಬಿನ ಗಂಟು ಕೈಗಿಟ್ಟಳು. ಗೇಟಿನ ಒಳಗೆ ಬರಲಿಲ್ಲ. ಯಾರು ಅಂತ ನಮ್ಮ ಟುಕ್‌ಟುಕ್ ಡ್ರೈವರ್‌ನ ಕೇಳಿದೆ. "ಅವನ ಅಮ್ಮ. ಹಬ್ಬಕ್ಕೆ ಮನೆಗೆ ಹೋಗಿದ್ದ. ನೀವು ಬರ್ತೀರಿ ಅಂತ ಕರೆಸಿದ್ದಾರೆ" ಅಂದ.

ನಾವು ಮಾಡಿದ ತಪ್ಪು ಇಲ್ಲೇ ಇದೆ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ತಂಡವೂ ಇದನ್ನೇ ಮಾಡುತ್ತಿರುವ ಹಾಗಿದೆ. ಹೊರಡುವ ಮೊದಲು ನಾವು ಎಲ್ಲ ಕೇಳಿದ್ದೆವು. ಯಾವ ಇಂಜೆಕ್ಷನ್ ಬೇಕು, ವೀಸಾ ಹೇಗೆ, ನೀರು ಕುಡಿಯಬಹುದಾ, ಎಷ್ಟು ಮಕ್ಕಳಿದ್ದಾರೆ, ಟೀ ಶರ್ಟ್ ಯಾವ ಸೈಜು. "ಈ ಮಗು ಇಲ್ಲಿ ಯಾಕಿದೆ? ಮನೆಯಲ್ಲಿ ಯಾರಿದ್ದಾರೆ?" ಅಂತ ಮಾತ್ರ ಕೇಳಲಿಲ್ಲ. ಆ ಹುಡುಗನ ಹೆಸರಲ್ಲಿ ನಾನು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದೆ. ನನಗೆ ಬಂದ ಹಾಳೆಯಲ್ಲಿ ಅವನ ಫೋಟೋ ಇತ್ತು, ಇಷ್ಟದ ಆಟ ಇತ್ತು, ದೊಡ್ಡವನಾದ ಮೇಲೆ ಏನಾಗಬೇಕು ಅಂತ ಇತ್ತು. ಕುಟುಂಬ ಅನ್ನೋ ಜಾಗ ಖಾಲಿ. ಖಾಲಿ ಇದ್ದದ್ದಕ್ಕೆ ಯಾರೂ ಇಲ್ಲ ಅಂತ ನಾನೇ ಅರ್ಥ ಮಾಡಿಕೊಂಡೆ. ಒಂದು ಇಮೇಲ್ ಬರೆದು ಕೇಳಬಹುದಿತ್ತು. ಕೇಳಲಿಲ್ಲ. ಹುಡುಗ ಅಲ್ಲಿದ್ದರೆ ಮಾತ್ರ ಆಶ್ರಮಕ್ಕೆ ನನ್ನ ದುಡ್ಡು. ಮನೆಗೆ ಹೋದರೆ ದುಡ್ಡು ನಿಲ್ಲುತ್ತಿತ್ತು. ಹಾಗಿದ್ದಾಗ ಅವನನ್ನು ಮನೆಗೆ ಯಾರು ಕಳಿಸ್ತಾರೆ ಹೇಳಿ? ಅವನಮ್ಮನಿಗೆ ಬೇಕಾಗಿದ್ದದ್ದು ಮಗನ ಶಾಲೆಯ ಖರ್ಚು, ಹೋಗಿ ಬರಲು ಒಂದು ಸೈಕಲ್. ನಾನು ಕಳಿಸುತ್ತಿದ್ದ ದುಡ್ಡಿನಲ್ಲಿ ಅದೆಲ್ಲ ಆಗಿ ಮಿಗುತ್ತಿತ್ತು.

ವಾಪಸ್ ಬಂದ ಮೇಲೆ ಓದಲು ಕೂತೆ. ಕಾಂಬೋಡಿಯಾದಲ್ಲಿ 2005ರಿಂದ 2010ರೊಳಗೆ ಇಂಥ ಆಶ್ರಮಗಳು ಶೇ. 75ರಷ್ಟು ಹೆಚ್ಚಾದವು. ಒಳಗಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂವರಿಗೆ ಅಪ್ಪನೋ ಅಮ್ಮನೋ ಇದ್ದರು. ಇದು ಯುನಿಸೆಫ್ ಮತ್ತು ಅಲ್ಲಿನ ಸರ್ಕಾರ 2011ರಲ್ಲೇ ಹೇಳಿದ್ದು. ಅಲ್ಲಿನ ಅಂತರ್ಯುದ್ಧ ಮುಗಿದು ಎಷ್ಟೋ ವರ್ಷ ಆಗಿತ್ತು, ಅನಾಥರು ಹೆಚ್ಚಾಗಲಿಲ್ಲ. ನಮ್ಮಂಥವರ ಬರುವಿಕೆ ಹೆಚ್ಚಾಯಿತು. 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧ ಕಾಯ್ದೆ ತರುವಾಗ, ದುಡ್ಡಿಗಾಗಿ ಮಕ್ಕಳನ್ನು ಹೀಗೆ ಆಶ್ರಮಕ್ಕೆ ಸಾಗಿಸುವುದೂ ಗುಲಾಮಗಿರಿಯ ಒಂದು ರೂಪ ಅಂತ ಆಸ್ಟ್ರೇಲಿಯಾ ಒಪ್ಪಿಕೊಂಡಿತು.

"ನಾವು ಬಿಟ್ಟರೆ ಆ ಮಕ್ಕಳು ಬೀದಿಪಾಲಾಗ್ತಾರೆ" ಅಂತ ನಿಮ್ಮ ಕಮಿಟಿ ಹೇಳುತ್ತೆ. ನಮ್ಮವರೂ ಹೇಳಿದರು. ಬೈಬಲ್‌ನಲ್ಲಿ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ, 27ನೇ ವಚನ ತೆಗೆದು, ದಿಕ್ಕಿಲ್ಲದವರನ್ನು ನೋಡಿಕೊಳ್ಳುವುದೇ ನಿಜವಾದ ಭಕ್ತಿ ಅಂತ ಓದಿದರು. ಆ ವಚನದಲ್ಲಿ ದಿಕ್ಕಿಲ್ಲದವರ ಪಕ್ಕದಲ್ಲೇ ವಿಧವೆಯರೂ ಇದ್ದಾರೆ, ಅಲ್ವಾ? ನಾವು ಮಗುವನ್ನು ನೋಡಲು ವಿಮಾನ ಹತ್ತಿದೆವು, ತಾಯಿಯನ್ನು ಗೇಟಿನ ಹೊರಗೇ ಬಿಟ್ಟೆವು. ಕಮಿಟಿಯಲ್ಲಿ ಇದನ್ನು ಹೇಳಿದಾಗ ಕೆಲವರು ನನ್ನ ಜೊತೆ ಮಾತು ಬಿಟ್ಟರು. ಆದರೂ ನಮ್ಮ ತಂಡ ಮತ್ತೆ ಹೋಗಲಿಲ್ಲ.

ಎರಡು ವಾರ ಒಳ್ಳೆಯದಾ, ಒಂದು ತಿಂಗಳಾ ಅಂತಲೂ ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಟಿಕೆಟ್ ದುಡ್ಡನ್ನು, ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳಲು ಕುಟುಂಬಗಳಿಗೆ ನೆರವಾಗುವ ಕೆಲಸಕ್ಕೆ ಕೊಡಿ. ಈಗಾಗಲೇ ಆಶ್ರಮಕ್ಕೆ ಮಾತು ಕೊಟ್ಟಿದ್ದರೆ ದುಡ್ಡು ದಿಢೀರ್ ಅಂತ ನಿಲ್ಲಿಸಬೇಡಿ, ಮಕ್ಕಳಿಗೇ ಪೆಟ್ಟು ಬೀಳುತ್ತೆ. ಇವತ್ತೇ ಅವರಿಗೆ ಬರೆದು ಕೇಳಿ: ಎಷ್ಟು ಮಕ್ಕಳಿಗೆ ಅಪ್ಪ ಅಮ್ಮ ಇದ್ದಾರೆ, ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ವಾಪಸ್ ಹೋದರು, ಪ್ಚುಮ್ ಬೆನ್‌ಗೆ ಮಕ್ಕಳು ಎಲ್ಲಿರುತ್ತಾರೆ. ಮಕ್ಕಳನ್ನು ಮನೆಗೆ ಸೇರಿಸುವ ಯೋಜನೆ ಅವರ ಹತ್ತಿರ ಇದ್ದರೆ ನಿಮ್ಮ ದುಡ್ಡು ಅದಕ್ಕೇ ಹೋಗಲಿ ಅಂತ ಬರೆದುಕೊಡಿ. ಉತ್ತರದಲ್ಲಿ ಬರೀ ಫೋಟೋ ಕಳಿಸಿದರೆ, ಅದನ್ನು ಪ್ರಿಂಟ್ ಮಾಡಿ ಮುಂದಿನ ಕಮಿಟಿ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಇಡಿ.