ಸೈಕಲ್ ಚೈನು ಸವೆದಿದೆಯೆಂದು ತಿಳಿಯುವುದು ಹೇಗೆ? ಅದರ ಆರೈಕೆ ಹೇಗಿರಬೇಕು?

ಚೈನು ಹಿಗ್ಗಿದೆ ಎಂದು ಹೇಳುವ ರೂಢಿಯಿದ್ದರೂ ಅದರ ಪಟ್ಟಿಗಳು ಎಳೆದು ಉದ್ದವಾಗಿರುವುದಿಲ್ಲ; ಧೂಳು ಬೆರೆತ ಎಣ್ಣೆಯು ಪಿನ್ನುಗಳನ್ನೂ ಅವು ತಿರುಗುವ ರಂಧ್ರಗಳನ್ನೂ ತೇಯುವುದರಿಂದ, ಕೊಂಡಿಕೊಂಡಿಯಲ್ಲೂ ಉಂಟಾದ ಸಡಿಲವೆಲ್ಲ ಸೇರಿ ಒಟ್ಟು ಉದ್ದ ಹೆಚ್ಚುತ್ತದೆ.

ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಂತರವಿರುತ್ತದೆ. ಆದ್ದರಿಂದ ಚೈನನ್ನು ಬಿಗಿಯಾಗಿ ಹಿಡಿದು, ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟರೆ, ಅಲ್ಲಿಂದ 24ನೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಅದು 1/16 ಇಂಚು ಮುಂದಿದ್ದರೆ ಸವೆತ ಸುಮಾರು ಶೇ. 0.5 ಆಗಿದೆ ಎಂದರ್ಥ. 11 ಅಥವಾ 12 ಗೇರಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು) ಇರುವ ಸೈಕಲ್ಲಿಗೆ ಆಗಲೇ ಹೊಸ ಚೈನು ಹಾಕಿಸುವುದು ಒಳ್ಳೆಯದು. ಗೇರಿಲ್ಲದ ಸೈಕಲ್ಲನ್ನು 1/8 ಇಂಚಿನವರೆಗೂ ಓಡಿಸಬಹುದು. ಇನ್ನೂ ತಡಮಾಡಿದರೆ ಹಿಂದಿನ ಹಲ್ಲುಗಳೂ ಸವೆದು, ಹೊಸ ಚೈನು ಹಾಕಿದರೂ ಅದು ಅವುಗಳ ಮೇಲೆ ಜಾರುತ್ತದೆ.

ಆರೈಕೆಯಲ್ಲಿ ಎಣ್ಣೆ ಬಿಡುವುದಕ್ಕಿಂತ ಒರೆಸುವುದೇ ದೊಡ್ಡ ಕೆಲಸ. ಬಟ್ಟೆಯಿಂದ ಕೊಳೆ ತೆಗೆದು, ಪ್ರತಿ ರೋಲರಿಗೆ (ಪಿನ್ನಿನ ಸುತ್ತ ಉರುಳುವ ಪುಟ್ಟ ಉರುಳೆಗೆ) ಒಂದೊಂದು ಹನಿ ಚೈನ್ ಲ್ಯೂಬ್, ಅಂದರೆ ಚೈನಿಗೆಂದೇ ಇರುವ ಎಣ್ಣೆ, ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತಿನ ನಂತರ ಹೊರಮೈಯ ಎಣ್ಣೆಯನ್ನೆಲ್ಲ ಒರೆಸಿಬಿಡಬೇಕು. ಮಳೆಯಲ್ಲಿ ನೆನೆದ ದಿನ ಇದನ್ನು ಮುಂದೂಡಬಾರದು. ಕೈಗೆ ಸಿಕ್ಕಿತೆಂದು ಅಡುಗೆ ಎಣ್ಣೆ ಹಾಕುವವರೂ ಇದ್ದಾರೆ. ಅದು ಬರಬರುತ್ತಾ ಅಂಟಾಗಿ ಧೂಳನ್ನೇ ಹಿಡಿದಿಡುತ್ತದೆ.