ಬೀದರ್ ಪಕ್ಕದ ಅಷ್ಟೂರಿನ ಉರುಸಿಗೆ ಜಂಗಮರು ಯಾಕೆ ಬರ್ತಾರೆ?

ಅಲ್ಲಿ ಮಲಗಿರುವ ಸುಲ್ತಾನನನ್ನು ಅನೇಕ ಹಿಂದೂ ಭಕ್ತರು ಅಲ್ಲಮಪ್ರಭುವಿನ ಅವತಾರ ಅಂತ ನಂಬುತ್ತಾರೆ, ಅದಕ್ಕೆ. ಮುಸ್ಲಿಮರಿಗೆ ಅವನು ವಲಿ, ಅಂದರೆ ಸಂತ.

ಈತ ಬಹಮನಿಗಳ ಅಹ್ಮದ್ ಶಾ. 1422ರಲ್ಲಿ ಪಟ್ಟಕ್ಕೆ ಬಂದು, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು. 1436ರಲ್ಲಿ ತೀರಿಕೊಂಡ. ಬೀದರ್ ಊರಿಂದ ಮೂರ್ನಾಲ್ಕು ಕಿಲೋಮೀಟರ್ ಪೂರ್ವಕ್ಕಿರುವ ಅಷ್ಟೂರು, ಆಮೇಲೆ ಬಂದ ಸುಲ್ತಾನರಿಗೂ ಸಮಾಧಿಯ ಊರಾಯಿತು. ಹೊಲಗಳ ನಡುವೆ ಗುಮ್ಮಟಗಳು ಸಾಲಾಗಿ ನಿಂತಿವೆ.

ಉರುಸಿನ ದಿನ ಲೆಕ್ಕ ಹಾಕುವುದು ಹೋಳಿ ಹುಣ್ಣಿಮೆಯಿಂದ, ಮುಸ್ಲಿಮರ ಹಿಜರಿ ಚಾಂದ್ರಮಾನದಿಂದಲ್ಲ! ಕಲಬುರಗಿ ಕಡೆಯಿಂದ ಜಂಗಮರು ಭಕ್ತರ ಜತೆ ನಡೆದುಕೊಂಡೇ ಬರುತ್ತಾರೆ. ಶಂಖ ಊದುತ್ತಾರೆ, ಸಮಾಧಿಗೆ ಹೂವು ಏರಿಸುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಪಕ್ಕದಲ್ಲೇ ಮುಸ್ಲಿಮರು ಫಾತಿಹಾ, ಅಂದರೆ ಕುರಾನಿನ ಪ್ರಾರ್ಥನೆ, ಓದುತ್ತಿರುತ್ತಾರೆ. ಯಾರಿಗೂ ಇದು ವಿಚಿತ್ರ ಅನಿಸುವುದಿಲ್ಲ, ನಮ್ಮ ಕಡೆ ಹಂಗೇ ಅಲ್ವಾ.

ಹೋದರೆ ಸುಮ್ನೆ ಕೈಮುಗಿದು ಹೊರಗೆ ಬರಬೇಡಿ. ಒಳಗಿನ ಗೋಡೆಗೂ ಗುಮ್ಮಟಕ್ಕೂ ಬಣ್ಣ, ಬಂಗಾರದ ಬರಹ ತುಂಬಿದೆ. ಕತ್ತಲೆ ಜಾಸ್ತಿ, ಕಣ್ಣು ಹೊಂದಿಕೊಳ್ಳಲಿ. ಹತ್ತಿರವೇ ಹುಮಾಯೂನ್ ಶಾನ ಗುಮ್ಮಟ ಅರ್ಧ ಬಿದ್ದಿದೆ. ಇವನು ದಿಲ್ಲಿಯ ಹುಮಾಯೂನ್ ಅಲ್ಲ, 1458ರಿಂದ 1461ರವರೆಗೆ ಆಳಿದ ಬಹಮನಿ ದೊರೆ, ಕ್ರೌರ್ಯಕ್ಕೆ ಹೆಸರಾದವನು. ಸಿಡಿಲು ಬಡಿದು ಗುಮ್ಮಟ ಸೀಳಿತು. ಇಟ್ಟಿಗೆಯ ದಪ್ಪ ಈಗ ಹೊರಗಿಂದಲೇ ಕಾಣುತ್ತದೆ.

ದಾರಿಯಲ್ಲಿ ದಿಬ್ಬದ ಮೇಲೆ ಎಂಟು ಮೂಲೆಯ ಚೌಖಂಡಿ ಸಿಗುತ್ತದೆ. ಅದು ಅಹ್ಮದ್ ಶಾ ಗೌರವಿಸುತ್ತಿದ್ದ ಇರಾನಿನ ಗುರು ನಿಯಾಮತುಲ್ಲಾ ಅವರ ಮಗ ಖಲೀಲುಲ್ಲಾ ಅವರ ಸಮಾಧಿ. ಬಾಗಿಲ ಮೇಲಿನ ಕರಿಕಲ್ಲಿನ ಬರಹಕ್ಕಾದರೂ ಗಾಡಿ ನಿಲ್ಲಿಸಿ.